ಒಂದು ಮೊರ ತೌಡಿನ ಹೆಸರು

ಹಲ್ಲುಜ್ಜುವ ಬ್ರಷ್ಷನ್ನು ನಾವೇ ಆರಿಸಿಕೊಳ್ಳುತ್ತೇವೆ, ನಾವೊಬ್ಬರೇ ಬಳಸುತ್ತೇವೆ, ಬೇಡವಾದಾಗ ಬಿಸಾಡುತ್ತೇವೆ. ಹೆಸರಿನ ವಿಷಯದಲ್ಲಿ ಮಾತ್ರ ಈ ಸ್ವಾತಂತ್ರ್ಯ ಯಾರಿಗೂ ಇಲ್ಲ. ಅದನ್ನು ಆರಿಸುವವರು ಯಾರೋ, ದಿನವಿಡೀ ಬಳಸುವವರು ಇನ್ಯಾರೋ. ಹೊತ್ತುಕೊಂಡು ತಿರುಗುವ ಕೆಲಸವಷ್ಟೇ ನಮ್ಮದು. ನನಗೆ ತತ್ತ್ವಶಾಸ್ತ್ರದಲ್ಲಿ ಎಂ.ಎ. ಆಗಿರುವುದರಿಂದ ಈ ವಿಚಾರವನ್ನು ಇನ್ನೂ ನಾಲ್ಕು ಪುಟ ಎಳೆಯಬಲ್ಲೆ. ಎಳೆಯಬೇಕೆಂಬ ಆಸೆಯೂ ಇದೆ. ಏಕೆಂದರೆ ಪೀಠಿಕೆ ಮುಗಿದ ಕೂಡಲೇ ನನ್ನ ಹೆಸರು ಹೇಳಬೇಕಾಗುತ್ತದೆ. ಇರಲಿ, ಹೇಳಿಬಿಡುತ್ತೇನೆ. ನನ್ನ ಹೆಸರು ತೌಡಪ್ಪ. ನೀವು ಈಗ ಅಂದುಕೊಂಡ ತೌಡೇ ಅದು. ಮಿಲ್ಲಿನಲ್ಲಿ ಅಕ್ಕಿಯ ಮೈ ಉಜ್ಜಿದಾಗ ಉದುರುವುದು, ಹಸುವಿನ ಕಲಗಚ್ಚಿಗೆ ಕಲಸುವುದು.

ಹೊಸೂರಿನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನನಗೆ ಕೆಲಸ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ನಾನೇ ಪರಿಚಯ ಹೇಳಿಕೊಳ್ಳಬೇಕು. ಕನ್ನಡದವರು ತಲೆ ತಗ್ಗಿಸಿ ನಗು ನುಂಗುತ್ತಾರೆ. ತಮಿಳಿನವರು ಒಂದು ಕ್ಷಣ ಯೋಚಿಸಿ, ತಮ್ಮ ತವಿಡು ನೆನಪಾದ ಮೇಲೆ ನುಂಗುತ್ತಾರೆ. ತೆಲುಗಿನವರು ನುಂಗುವುದೇ ಇಲ್ಲ. 'ನಮ್ಮ ಕಡೆ ತವುಡಯ್ಯ ಅಂತ ನಮ್ಮ ಮಾವ ಒಬ್ಬರಿದ್ದಾರೆ ಸಾರ್' ಎಂದು ನೆಂಟಸ್ತಿಕೆಗೇ ಬರುತ್ತಾರೆ. ಒಮ್ಮೆ ಉತ್ತರದ ಕಡೆಯಿಂದ ಬಂದ ಎಂಜಿನಿಯರೊಬ್ಬರು ಅರ್ಥ ಕೇಳಿದರು. ಹೇಳಿದೆ. ಅವರು ಗಂಭೀರರಾಗಿ, ತೌಡಿನಲ್ಲಿ ನಾರಿನಂಶ ಬಹಳ, ಹೃದಯಕ್ಕೆ ಒಳ್ಳೆಯದು, ನಮ್ಮ ಡಾಕ್ಟರು ದಿನಾ ಬೆಳಿಗ್ಗೆ ಮೊಸರಿನಲ್ಲಿ ಕಲಸಿ ತಿನ್ನಲು ಹೇಳಿದ್ದಾರೆ ಎಂದರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಹೊಟ್ಟೆ ಸವರಿಕೊಂಡು ಕೃತಜ್ಞತೆಯಿಂದ ನಗುತ್ತಾರೆ.

ಈ ಹೆಸರು ಬಂದದ್ದು ಹೀಗೆ. ನನಗಿಂತ ಮುಂಚೆ ಹುಟ್ಟಿದ ಮಕ್ಕಳು ನಮ್ಮವ್ವನಿಗೆ ಉಳಿಯಲಿಲ್ಲ. ಸಾನಮಾವು ಕಾಡಿನ ಅಂಚಿನ ನಮ್ಮ ಹಳ್ಳಿಯಲ್ಲಿ ಅದಕ್ಕೊಂದು ಉಪಾಯವಿತ್ತು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಡುವುದು. ಮಕ್ಕಳು ಉಳಿದಿರುವ ಮನೆಯ ಹೆಂಗಸೊಬ್ಬಳು ಬಂದು, ಒಂದಿಷ್ಟು ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳುವುದು. ತನ್ನ ಮನೆಗೆ ಹೊತ್ತುಕೊಂಡು ಹೋಗಿ, ಹೆಸರಿಟ್ಟು, 'ನನ್ ಮಗನ್ನ ಒಸಿ ಸಾಕ್ಕೊಡವ್ವಾ' ಎಂದು ಹೆತ್ತವಳ ಕೈಗೇ ತಂದುಕೊಡುವುದು. ಕೂಸನ್ನು ಒಯ್ಯಲು ಬಂದ ಕೇಡು ಹೊಸ್ತಿಲಲ್ಲಿ ನಿಂತು ವಿಚಾರಿಸುತ್ತದೆ. ಇದು ಈ ಮನೆಯ ಮಗುವಲ್ಲ, ತೌಡಿಗೆ ತಂದದ್ದು ಎಂದು ತಿಳಿದು ಹಿಂತಿರುಗುತ್ತದೆ. ಇಷ್ಟು ಸುಲಭವಾಗಿ ಮೋಸಹೋಗುವ ಕೇಡು ನಮ್ಮ ಕಾರ್ಖಾನೆಯ ಗೇಟಿನಲ್ಲಿ ಒಂದು ದಿನವೂ ಕೆಲಸ ಮಾಡಲಾರದು. ಆದರೆ ನಾನು ಉಳಿದೆನಲ್ಲ, ವಾದ ಮಾಡುವುದು ಹೇಗೆ?

ನನ್ನನ್ನು ಕೊಂಡವಳು ಪಕ್ಕದ ಮನೆಯ ಪಾಪಮ್ಮ ದೊಡ್ಡವ್ವ. ಎಷ್ಟು ತೌಡಿಗೆ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಅವ್ವ ಹೇಳುತ್ತಿದ್ದದ್ದು ಒಂದು ಸೇರು. ನಮ್ಮ ಸೋದರತ್ತೆ ಒಂದು ಮೊರ ಅನ್ನುತ್ತಿದ್ದಳು. ದೊಡ್ಡವ್ವ ಒಂದು ಮೂಟೆ ಎನ್ನುತ್ತಾಳೆ, ಅದರಿಂದ ಆ ವಾರವೆಲ್ಲ ತನ್ನ ಹಸು ಹಾಲು ಕಡಿಮೆ ಕೊಟ್ಟಿತೆಂದೂ ಸೇರಿಸುತ್ತಾಳೆ. ನಾನು ದಿನಚರಿಯಲ್ಲಿ ಮೊರ ಎಂದು ಬರೆದುಕೊಂಡಿದ್ದೇನೆ. ಸೇರಿಗೆ ಸ್ವಾಭಿಮಾನ ಒಪ್ಪಲಿಲ್ಲ, ಮೂಟೆಗೆ ಮನಸ್ಸಾಕ್ಷಿ ಒಪ್ಪಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಆ ದಿನ ಮೂಗಿಗೆ ತೌಡಿನ ಧೂಳು ಹೋಗಿ ಕಚಗುಳಿಯಾದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಹುಟ್ಟಿ ಇನ್ನೂ ಪುರುಡು ಕಳೆಯದ ಕೂಸಿಗೆ ನೆನಪೆಲ್ಲಿಂದ ಬರಬೇಕು? ಕೇಳಿದ ಕಥೆಗೆ ನನ್ನ ಮೂಗೇ ಸಾಕ್ಷಿ ನುಡಿಯಲು ಶುರುಮಾಡಿದೆ. ಹಾಗಾಗಿ ನನ್ನ ನೆನಪನ್ನು ನಾನು ಒಬ್ಬ ಉತ್ಸಾಹಿ ನೆಂಟನಂತೆ ನೋಡುತ್ತೇನೆ. ಪ್ರೀತಿಯಿಂದ ಕೇಳಿಸಿಕೊಳ್ಳುತ್ತೇನೆ, ಪೂರ್ತಿ ನಂಬುವುದಿಲ್ಲ.

ಮಾರಿಹೋದವನ ಬಾಲ್ಯದಲ್ಲಿ ಕೆಲವು ಅನುಕೂಲಗಳಿದ್ದವು. ನಾನು ಕಿತಾಪತಿ ಮಾಡಿದಾಗ ಅವ್ವ ನನಗೆ ಹೊಡೆಯುವಂತಿರಲಿಲ್ಲ, ಬೇರೆಯವರ ಮಗ. ಬೇಲಿಯ ಹತ್ತಿರ ನಿಂತು, 'ಪಾಪಕ್ಕಾ, ಬಾ ಇತ್ಲಾಗಿ, ನಿನ್ ಮಗನ್ನ ನೀನೇ ಬಡ್ಕೊ' ಎಂದು ಕೂಗುತ್ತಿದ್ದಳು. ದೊಡ್ಡವ್ವ ಸೀರೆ ಎತ್ತಿಕಟ್ಟಿಕೊಂಡು ಬಂದು, ಕೊಂಡವಳ ಹಕ್ಕಿನಿಂದ ಎರಡು ಬಿಟ್ಟು, ಕಾಫಿ ಕುಡಿದು ಹೋಗುತ್ತಿದ್ದಳು. ಈಗ ಯೋಚಿಸಿದರೆ ಇದರಲ್ಲಿ ಅನುಕೂಲ ಯಾವುದು ಎಂದು ಸರಿಯಾಗಿ ಗೊತ್ತಾಗುತ್ತಿಲ್ಲ.

ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಹೆಸರಿಗಾಗಿ ನಾಚುವುದನ್ನು ಬಿಟ್ಟು ನೆಂಟರನ್ನು ಹುಡುಕತೊಡಗಿದೆ. ಹುಡುಕಿದರೆ ಎಷ್ಟು ಜನ. ನಮ್ಮಲ್ಲಿ ತಿಪ್ಪಯ್ಯ, ತಮಿಳಿನಲ್ಲಿ ಕುಪ್ಪುಸಾಮಿ, ತೆಲುಗಿನಲ್ಲಿ ಪೆಂಟಯ್ಯ. ಮೂವರೂ ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡ ಮಕ್ಕಳು. ನೀರಿಗೆ, ಗಡಿಗೆ, ಬಸ್ಸಿನ ಬೋರ್ಡಿಗೆ ಜಗಳವಾಡುವ ಮೂರು ಭಾಷೆಗಳು ಗೊಬ್ಬರದ ವಿಷಯದಲ್ಲಿ ಹೀಗೆ ಒಂದಾಗಿರುವುದು ಕಂಡು ನನಗೆ ಕಣ್ತುಂಬಿತು. ಚೀನಾದ ಹಳ್ಳಿಗಳಲ್ಲಿ 'ನಾಯಿ ತಿಂದುಳಿದದ್ದು' ಎಂಬ ಅರ್ಥದ ಹೆಸರಿಡುತ್ತಿದ್ದರಂತೆ. ಮಂಗೋಲಿಯಾದಲ್ಲಿ ಒಂದು ಹೆಸರಿದೆ, ಅದರ ಅರ್ಥ 'ಹೆಸರಿಲ್ಲ' ಎಂದೇ. ಹಿಂದೆ ರಷ್ಯದವರು ಮುದ್ದಾದ ಮಗುವಿಗೆ 'ಕುರೂಪಿ' ಎಂದು ಹೆಸರಿಟ್ಟು ದೃಷ್ಟಿ ತಪ್ಪಿಸುತ್ತಿದ್ದರಂತೆ. ಜಗತ್ತಿನಾದ್ಯಂತ ತಾಯಂದಿರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಸುಳ್ಳು ಹೇಳಿದ್ದಾರೆ: ಈ ಮಗು ಯಾತಕ್ಕೂ ಬಾರದು, ಇದನ್ನು ಬಿಟ್ಟು ಹೋಗಿ.

ಇವರಲ್ಲಿ ಒಬ್ಬನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೂಳಗಿರಿಯ ನಮ್ಮ ಹೊಸ ಘಟಕಕ್ಕೆ ಯಂತ್ರ ಕೂರಿಸಲು ಟರ್ಕಿಯಿಂದ ಒಬ್ಬ ತಂತ್ರಜ್ಞ ಬಂದಿದ್ದ. ಹೆಸರು ದುರ್ಸುನ್. ಕ್ಯಾಂಟೀನಿನಲ್ಲಿ ಎದುರುಬದುರು ಕುಳಿತಾಗ ಅರ್ಥ ಕೇಳಿದೆ. 'ಇರಲಿ' ಎಂದು ಅರ್ಥವಂತೆ. ಅವನ ಅಣ್ಣಂದಿರು ಉಳಿಯಲಿಲ್ಲ. ಇವನಾದರೂ ಇರಲಿ ಎಂದು ಅವನ ತಾಯಿ ಹಾಗೆ ಕರೆದಳು. ನಾನು ಸಾಂಬಾರಿನ ಕೈಯಲ್ಲೇ ಎದ್ದು ಅವನನ್ನು ತಬ್ಬಿಕೊಂಡೆ. ಅವನು ಗಾಬರಿಯಾದ. ನನ್ನ ಹೆಸರಿನ ಕಥೆ ಹೇಳಿದ ಮೇಲೆ ಅವನೇ ಎದ್ದು ನನ್ನನ್ನು ತಬ್ಬಿಕೊಂಡ, ಸಾಂಬಾರು ಇಬ್ಬರ ಶರ್ಟಿಗೂ ಆಯಿತು. ಅವನು ಅತ್ತನೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೆಣಸಿನಕಾಯಿ ಕಚ್ಚಿದ್ದಿರಲೂಬಹುದು.

ಇಷ್ಟೆಲ್ಲ ಹೆಮ್ಮೆ ಸಂಪಾದಿಸಿಟ್ಟುಕೊಂಡಿದ್ದವನಿಗೆ ಕಳೆದ ತಿಂಗಳು ಮೊಮ್ಮಗ ಹುಟ್ಟಿದ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ವಾಡಿಕೆ. ನನ್ನ ಮಗ ಹರೀಶನೂ ಸೊಸೆ ವಿದ್ಯಾಳೂ ನಾನು ಬಂದ ಕೂಡಲೇ ಮಾತು ನಿಲ್ಲಿಸತೊಡಗಿದರು. ಇಬ್ಬರೂ ಫೋನಿನಲ್ಲಿ ಏನೋ ಹುಡುಕುತ್ತಿದ್ದರು. ಮರೆಯಲ್ಲಿ ನಾನೂ ಹುಡುಕಿದೆ. ಯಾವ ಹೆಸರು ಹಾಕಿದರೂ ಅರ್ಥ ಹೇಳುವ ಒಂದು ಜಾಲತಾಣ ಸಿಕ್ಕಿತು. ತೌಡಪ್ಪ ಎಂದು ಹಾಕಿದೆ. 'ಈ ಹೆಸರಿನವರು ಧೈರ್ಯವಂತರು, ಪ್ರವಾಸಪ್ರಿಯರು, ಹುಟ್ಟು ನಾಯಕರು. ಅದೃಷ್ಟದ ಬಣ್ಣ ತಿಳಿ ನೀಲಿ' ಎಂದು ಬಂತು. ಅದು ಸುಳ್ಳೆಂದು ನನಗೆ ಗೊತ್ತು. ಮಾರನೆಯ ದಿನ ತಿಳಿ ನೀಲಿ ಶರ್ಟು ಹಾಕಿಕೊಂಡು ಕೆಲಸಕ್ಕೆ ಹೋದೆ.

ಕೊನೆಗೆ ಊಟದ ಹೊತ್ತಿನಲ್ಲಿ ನಾನೇ ದೊಡ್ಡ ಮನಸ್ಸು ಮಾಡಿದೆ. ಕೈ ತೊಳೆದು ಬಂದು, 'ನೋಡ್ರಪ್ಪಾ, ಈ ಹೆಸರು ನನ್ನ ಜೊತೆಗೇ ಮುಗಿಯಲಿ. ಮಗುವಿಗೆ ನಿಮಗೆ ಇಷ್ಟ ಬಂದದ್ದು ಇಡಿ' ಎಂದೆ. ಒಂದಿಷ್ಟು ಹೊತ್ತು ಮೌನವಿರಬಹುದು, ಯಾರಾದರೂ 'ಛೇ, ಹಾಗೆಲ್ಲ ಅನ್ನಬೇಡಿ' ಎನ್ನಬಹುದು ಎಂದು ಕಾದೆ. ನನ್ನ ಹೆಂಡತಿ ಸರೋಜ, 'ಬುದ್ಧಿ ಬಂತು ಬಿಡಿ' ಎಂದಳು. ವಿದ್ಯಾ, 'ಥ್ಯಾಂಕ್ಸ್ ಮಾವ, ಕಿಯಾನ್ ಅಂತ ಅಂದ್ಕೊಂಡಿದೀವಿ' ಎಂದಳು. ಕಿಯಾನ್ ಎಂದರೆ ಪರ್ಷಿಯಾದಲ್ಲಿ ರಾಜರು, ಐರ್ಲೆಂಡಿನಲ್ಲಿ ಬಹಳ ಹಳೆಯದು, ಇನ್ನೊಂದು ಕಡೆ ದೇವರ ಕೃಪೆಯಂತೆ. ಎಲ್ಲ ದೇಶದಲ್ಲೂ ಬೆಲೆ ಇರುವ ಹೆಸರು. ನಾನು ಚೆನ್ನಾಗಿದೆ ಎಂದೆ.

ಆದರೆ ಮಲಗಿದ ಮೇಲೆ ಒಂದು ಲೆಕ್ಕ ಹೊಳೆಯಿತು. ನಾವಿರುವುದು ತಮಿಳುನಾಡು, ಇಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರವೇ ಮಗನ ಇನಿಷಿಯಲ್ಲು. ನನ್ನ ಮಗ ಶಾಲೆಯಿಂದ ಕಾರ್ಖಾನೆಯ ಗುರುತಿನ ಚೀಟಿಯವರೆಗೆ ಟಿ. ಹರೀಶ. ಆ 'ಟಿ' ನಾನು. ಒಂದಕ್ಷರ, ಒಂದು ಚುಕ್ಕೆ. ಆದರೂ ಇಷ್ಟು ವರ್ಷ ಅವನ ಹೆಸರಿನ ಬಾಗಿಲಲ್ಲಿ ಕಾವಲುಗಾರನಂತೆ ನಿಂತಿದ್ದೇನೆ. ಮೊಮ್ಮಗ ಎಚ್. ಕಿಯಾನ್ ಆಗುತ್ತಾನೆ. ಅಲ್ಲಿ ನನಗೆ ಒಂದು ಚುಕ್ಕೆಯಷ್ಟೂ ಜಾಗವಿಲ್ಲ. ತೌಡು ಹಾರಿಹೋಗುವುದು ಸಹಜ, ಅದಕ್ಕೆ ಮೊರವೇ ಬೇಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ನಾಮಕರಣಕ್ಕೆ ಎಲ್ಲರೂ ಸೇರಿದ್ದರು. ಕೃಷ್ಣಗಿರಿಯ ಬೀಗರು ಎರಡು ಪೆಟ್ಟಿಗೆ ಮಾವಿನಹಣ್ಣು ತಂದಿದ್ದರು. ಐನೋರು ಎರಡು ಸಲ ಗಡಿಯಾರ ನೋಡಿದ್ದರು. ಆಗ ಪಾಪಮ್ಮ ದೊಡ್ಡವ್ವ ಆಟೋದಿಂದ ಇಳಿದಳು. ಸಾನಮಾವು ಕಾಡಿನಲ್ಲಿ ಆನೆಗಳು ರಸ್ತೆ ದಾಟುವವರೆಗೂ ಗಾರ್ಡುಗಳು ಗಾಡಿ ಬಿಟ್ಟಿರಲಿಲ್ಲವಂತೆ. ಬಂದವಳೇ ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕುಳಿತು, 'ಯಾರ್ಲಾ ಹೆಸರಿಡೋರು?' ಎಂದಳು.

'ನಾವೇ ಅಜ್ಜಿ. ಕಿಯಾನ್ ಅಂತ' ಎಂದ ಹರೀಶ.

'ನೀವ್ಯಾರ್ಲಾ ಇಡಾಕೆ? ನಿಮ್ಮಪ್ಪ ನನ್ ಮಗ. ತೌಡ್ ಕೊಟ್ಟು ತಕ್ಕೊಂಡಿವ್ನಿ. ಬಿಡಿಸ್ಕೊಂಡ್ರಾ ಯಾರಾನಾ?'

ಮಾರಿದ ಮಗನನ್ನು ಅವನ ಮದುವೆಯ ಹೊತ್ತಿಗೆ ತೌಡು ಹಿಂತಿರುಗಿಸಿ ಬಿಡಿಸಿಕೊಳ್ಳಬೇಕು, ಅದು ಪದ್ಧತಿ. ನನ್ನ ಮದುವೆಯಲ್ಲಿ ಅಪ್ಪ ಮಾಡಿದನೆಂದು ಚಿಕ್ಕಪ್ಪನೂ, ಚಿಕ್ಕಪ್ಪ ಮಾಡಿದನೆಂದು ಅಪ್ಪನೂ ತಿಳಿದಿದ್ದರು ಎಂದು ಕಾಣುತ್ತದೆ. ತಂದಿಟ್ಟ ತೌಡನ್ನು ಛತ್ರದ ಹಿಂದೆ ಕಟ್ಟಿದ್ದ ಎತ್ತು ತಿನ್ನುತ್ತಿದ್ದದ್ದು ನನಗೆ ನೆನಪಿದೆ. ಆದರೆ ಆ ಎತ್ತು ನನ್ನ ನೆನಪಿಗೆ ಬಂದದ್ದು ನಾಮಕರಣದ ಆ ಕ್ಷಣದಲ್ಲೇ, ಆದ್ದರಿಂದ ಅದರ ಮೇಲೆ ಆಣೆ ಇಡಲಾರೆ.

ಸರೋಜ ನನ್ನ ಕಡೆ ತಿರುಗಿದಳು. 'ಏನ್ರೀ, ಬಿಡಿಸ್ಕೊಳ್ಳಲೇ ಇಲ್ವಾ ನಿಮ್ಮನ್ನ? ಹಂಗಾದ್ರೆ ಇಷ್ಟು ವರ್ಷ ನಾನು ಯಾರ ಮನೆ ಮಗನಿಗೆ ಅಡುಗೆ ಮಾಡಿಕ್ಕಿದ್ದು?'

'ನನ್ ಮಗನಿಗೇ ಕಣಮ್ಮಾ' ಎಂದಳು ದೊಡ್ಡವ್ವ. 'ನೀನು ನನ್ ಸೊಸೆ. ಮದ್ವೆಯಾಗಿ ಇಷ್ಟ್ ವರ್ಷ ಆತು, ಒಂದ್ ಕಿತಾನಾದ್ರೂ ನನ್ ಕಾಲ್ ಒತ್ತಿದ್ಯಾ?'

ವಿದ್ಯಾ ಶಾಲೆಯಲ್ಲಿ ಪಾಠ ಮಾಡುವವಳು, ಗೊಂದಲ ಸಹಿಸುವುದಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, 'ಮಾವ, ಇದಕ್ಕೆ ಏನಾದ್ರೂ ಪ್ರೊಸೀಜರ್ ಇದ್ಯಾ?' ಎಂದು ಪಿಸುಗುಟ್ಟಿದಳು. ಅವಳ ಮುಖ ಬಾಡಿತ್ತು. ಹೆರಿಗೆಗೆ ಮುಂಚಿನಿಂದ ಆರಿಸಿ, ಬದಲಿಸಿ, ಮತ್ತೆ ಆರಿಸಿಟ್ಟುಕೊಂಡಿದ್ದ ಹೆಸರು ತೌಡಿನ ಪಾಲಾಗುವುದರಲ್ಲಿತ್ತು. ತೌಡು ಹಿಂತಿರುಗಿಸಿದರೆ ಸಾಕು ಎಂದೆ. ಹರೀಶ ಬೈಕು ಹತ್ತಿದ. ಅಂದು ಭಾನುವಾರ, ಪಶು ಆಹಾರದ ಅಂಗಡಿ ಮುಚ್ಚಿತ್ತು, ರೈಸ್ ಮಿಲ್ಲಿಗೂ ಬೀಗ. ದನ ಕಟ್ಟಿದ ಮನೆ ಹುಡುಕೋಣವೆಂದರೆ ನಮ್ಮ ಬಡಾವಣೆಯಲ್ಲಿ ಇರುವುದೆಲ್ಲ ಕಾರು. ಕೊನೆಗೆ ಅವನು ಸೂಪರ್ ಮಾರ್ಕೆಟ್ಟಿನಿಂದ ಓಟ್ಸ್ ತೌಡಿನ ಡಬ್ಬಿ ತಂದ. ಡಬ್ಬಿಯ ಮೇಲೆ ಒಬ್ಬ ಬಿಳಿಯ ಹೆಂಗಸು ಓಡುತ್ತಿದ್ದಳು. ದೊಡ್ಡವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, 'ಇದನ್ನೇನು ಮರ ಕುಯ್ಯೋ ಮಿಲ್ಲಿಂದ ತಂದ್ಯೇನ್ಲಾ?' ಎಂದಳು. ಆಮೇಲೆ, 'ಇರ್ಲಿ, ಮೊರಕ್ಕಾಕು' ಎಂದು ಮಡಿಲು ಒಡ್ಡಿದಳು.

ನನ್ನ ಅಪ್ಪ ಅವ್ವ ಈಗಿಲ್ಲ, ಆದ್ದರಿಂದ ನನ್ನನ್ನು ಬಿಡಿಸಿಕೊಳ್ಳುವ ಕೆಲಸ ಹೆಂಡತಿಗೆ ಬಿತ್ತು. ಸರೋಜ ಪ್ಲಾಸ್ಟಿಕ್ ಮೊರ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. 'ಒಂದ್ನಿಮಿಷ ಇರಿ, ಯೋಚನೆ ಮಾಡ್ತೀನಿ' ಎಂದಳು. ಬೀಗರು ನಕ್ಕು ನಕ್ಕು ಕೆಮ್ಮಿದರು. ಐನೋರು ಮೂರನೆಯ ಸಲ ಗಡಿಯಾರ ನೋಡಿದರು.

'ಸಾಕು ಯೋಚ್ನೆ, ಸುರಿ. ತೌಡ್ ಬಿದ್ರೆ ನಿನ್ ಗಂಡ ನಿಂದೇ' ಎಂದಳು ದೊಡ್ಡವ್ವ. ನನ್ನ ಕಡೆ ತಿರುಗಿ, 'ಹೆಸ್ರು ಇಲ್ಲೇ ಬುಟ್ಟುಬುಡು ಮತ್ತೆ' ಎಂದಳು.

'ಯಾವ ಹೆಸರು?' ಎಂದೆ.

'ನಾನ್ ಇಟ್ಟಿದ್ದು. ತೌಡು ವಾಪಸ್ ಕೊಟ್ಮ್ಯಾಕೆ ನೀನು ತೌಡಪ್ಪ ಹೆಂಗಾಯ್ತೀಯ? ನಿಮ್ಮವ್ವ ಬ್ಯಾರೆ ಹೆಸ್ರು ಇಡ್ಬೇಕು ಅಂತಿದ್ಲು. ಅದನ್ನ ಇಟ್ಕೊ.'

'ಯಾವುದು ದೊಡ್ಡವ್ವಾ ಅದು?'

'ಮರ್ತೋಯ್ತು ಕಣ್ಲಾ. ಏನೋ ದೊಡ್ದಾಗಿತ್ತು.'

ನನ್ನ ಅವಸ್ಥೆ ಊಹಿಸಿಕೊಳ್ಳಿ. ಪ್ರೌಢಶಾಲೆಯಲ್ಲಿ ಹಾಜರಿ ಕೂಗುವಾಗಲೆಲ್ಲ ಯಾವ ಹೆಸರಿನಿಂದ ಬಿಡುಗಡೆ ಬೇಕೆಂದು ಬೇಡಿಕೊಂಡಿದ್ದೆನೋ ಅದು ಈಗ ಬಿಟ್ಟು ಹೋಗಲು ಎದ್ದು ನಿಂತಿತ್ತು. ಆ ಇನ್ನೊಂದು ದೊಡ್ಡ ಹೆಸರು ಯಾವುದಿರಬಹುದು ಎಂದು ಕುತೂಹಲವೇನೋ ಆಯಿತು. ರಾಜಶೇಖರನೋ, ಚಂದ್ರಶೇಖರನೋ. ಅವನು ಬಹಳ ಯೋಗ್ಯನಾದ ಮನುಷ್ಯನೇ ಇರಬೇಕು. ಆದರೆ ಅವನು ನನಗೆ ಪರಿಚಯವಿಲ್ಲ. ದುರ್ಸುನ್ ತಬ್ಬಿಕೊಂಡದ್ದು ಅವನನ್ನಲ್ಲ. ಎಂಜಿನಿಯರು ಹೊಟ್ಟೆ ಸವರಿಕೊಂಡು ನಗುವುದು ಅವನನ್ನು ಕಂಡಲ್ಲ. ಸರೋಜಳ ಕೈಯಿಂದ ಮೊರ ದೊಡ್ಡವ್ವನ ಮಡಿಲಿಗೆ ಬಗ್ಗುವಷ್ಟರಲ್ಲಿ ನಾನು ಹಾರಿ ಹಿಡಿದುಕೊಂಡೆ. ಅರ್ಧ ತೌಡು ನನ್ನ ತಲೆಯ ಮೇಲೆಯೇ ಬಿತ್ತು.

'ಬ್ಯಾಡ ದೊಡ್ಡವ್ವಾ. ಹಂಗೇ ಇರ್ಲಿ. ನಾನು ನಿನ್ ಮಗನೇ.'

'ಅಲ್ರೀ, ಹುಡುಗ ಊರೆಲ್ಲ ಅಲೆದು ತಂದಿದಾನೆ' ಎಂದಳು ಸರೋಜ.

'ಉಳಿದಿದ್ದು ಇತ್ಲಾಗ್ ಕೊಡು, ನಮ್ ಹಸಕ್ಕೆ ಆಯ್ತದೆ' ಎಂದು ದೊಡ್ಡವ್ವ ತೌಡನ್ನೂ ಕಟ್ಟಿಕೊಂಡಳು. ಅಲ್ಲಿಗೆ ತೌಡೂ ಅವಳದು, ನಾನೂ ಅವಳವನು, ನನ್ನ ದೆಸೆಯಿಂದ ಮಗುವೂ ಅವಳದು. ನಾನು ಹೆಸರಿಗೆ ಜೋತುಬಿದ್ದದ್ದರಿಂದ ಮೊಮ್ಮಗನ ಹೆಸರು ಅವಳ ಕೈಗೆ ಸಿಕ್ಕಿಹೋಗಿತ್ತು. ವಿದ್ಯಾ ನನ್ನನ್ನು ನೋಡಿದ ನೋಟ ಹೇಗಿತ್ತೆಂದು ನಾನು ವಿವರಿಸುವುದಿಲ್ಲ. ಕೂದಲಿನಿಂದ ತೌಡು ಉದುರುತ್ತಿರುವಾಗ ಸೊಸೆಯ ಕಣ್ಣು ತಪ್ಪಿಸಿ ಗಂಭೀರವಾಗಿ ನಿಲ್ಲುವುದು ಕಷ್ಟ. ನಾಚಿಕೆಯಾಯಿತು. ಆದರೂ ನಿಜ ಹೇಳಬೇಕೆಂದರೆ, ಅದರ ಜೊತೆಗೇ ಹೊಟ್ಟೆಯೊಳಗೆ ಒಂದು ಸಣ್ಣ ಆಸೆಯೂ ಕುಣಿಯಿತು: ದೊಡ್ಡವ್ವ ಇಡುವುದಾದರೆ ಯಾವ ಹೆಸರಿಟ್ಟಾಳು, ಅವಳಿಗೆ ಗೊತ್ತಿರುವುದು ಒಂದೇ.

ದೊಡ್ಡವ್ವ ಕೈ ಚಾಚಿದಳು. ವಿದ್ಯಾ ಒಲ್ಲದ ಮನಸ್ಸಿನಿಂದ ಮಗುವನ್ನು ಕೊಟ್ಟಳು. ಮುದುಕಿ ಅದರ ಅಂಗಾಲು ಒತ್ತಿ ನೋಡಿ, ಕಿವಿ ಹಿಂಡಿ ನೋಡಿ, ಸಂತೆಯಲ್ಲಿ ಕರು ನೋಡಿದ ಹಾಗೆ ನೋಡಿ, ಹಿಂದಕ್ಕೆ ಕೊಟ್ಟಳು. 'ನಿಮಗೆ ಬೇಕಾದ್ ಹೆಸ್ರು ಇಟ್ಕಳಿ. ರಾಜನೋ ಗೀಜನೋ. ನಾನ್ ಇಡಾಕಿಲ್ಲ.'

'ಯಾಕೆ?' ಎಂದೆ. ನನ್ನ ದನಿ ಅಗತ್ಯಕ್ಕಿಂತ ಜೋರಾಯಿತು.

'ಯಾತಕ್ಲಾ? ಮಗ ಗುಂಡುಕಲ್ಲು ಇದ್ದಂಗವ್ನೆ. ಆಸ್ಪತ್ರೇಲಿ ಸೂಜಿ ಆಕವ್ರೆ, ಅವ್ವ ಮೈತುಂಬ ಹಾಲು ಇಟ್ಕೊಂಡವ್ಳೆ. ಇವ್ನು ಬದ್ಕೋ ಮಗ. ನಿನ್ ಹೆಸ್ರು ಮಕ್ಕಳು ಉಳೀದಿರೋ ಮನೇಗೆ ಕಣ್ಲಾ. ನಿಮ್ಮವ್ವ ಅವತ್ತು ಮೊರ ಹಿಡ್ಕೊಂಡು ನಿಂತಿದ್ದು ನಾನ್ ನೋಡಿವ್ನಿ. ಆ ಹೆಸ್ರು ಇನ್ ಯಾರ್ಗೂ ಬೇಕಾಗ್ದಂಗೆ ಇರ್ಲಿ.'

ಬೀಗರು ಕೆಮ್ಮುವುದನ್ನು ನಿಲ್ಲಿಸಿದರು. ಐನೋರು ಗಡಿಯಾರ ನೋಡಲಿಲ್ಲ. ಇಷ್ಟು ದೇಶಗಳ ಹೆಸರು ಓದಿ, ಅರ್ಥ ತಿಳಿದು, ಕ್ಯಾಂಟೀನಿನಲ್ಲಿ ಭಾಷಣ ಬಿಗಿದ ನನಗೆ ಈ ಒಂದು ವಿಷಯ ಹೊಳೆದಿರಲಿಲ್ಲ. ನನ್ನ ಹೆಸರು ಮುಗಿದುಹೋಗುವುದು ನಮ್ಮ ಮನೆಗೆ ಒಳ್ಳೆಯ ಸುದ್ದಿ. ಎಚ್. ಕಿಯಾನ್ ಎಂದು ಐನೋರು ಅಕ್ಕಿಯಲ್ಲಿ ಬರೆಸಿದಾಗ, ನನಗೆ ಚುಕ್ಕೆಯಷ್ಟೂ ಜಾಗವಿಲ್ಲದ ಆ ಹೆಸರನ್ನು ನಾನು ಮನಃಪೂರ್ವಕವಾಗಿ ಒಪ್ಪಿಕೊಂಡೆ. ಒಪ್ಪಿಕೊಂಡೆ ಎಂದು ದಿನಚರಿಯಲ್ಲೂ ಬರೆದೆ. ಬರೆಯುವಾಗ ಪುಟದ ಮೇಲೆ ತಲೆಯಿಂದ ತೌಡು ಉದುರಿತು.

ಇದಾಗಿ ಒಂದು ವಾರವಾಗಿರಬೇಕು. ಬೆಳಿಗ್ಗೆ ನಾನು ಪೇಪರು ಓದುತ್ತಿದ್ದೆ. ಒಳಗಿನ ಕೋಣೆಯಲ್ಲಿ ಮಗುವಿಗೆ ಸೀನು ಬಂತು. ಒಂದು, ಹಿಂದೆಯೇ ಇನ್ನೊಂದು. ಕೂಡಲೇ ವಿದ್ಯಾಳ ದನಿ, ಗಾಬರಿಯಲ್ಲಿ, ತಗ್ಗಿದ ಸ್ವರದಲ್ಲಿ ಕೇಳಿಸಿತು: 'ತೌಡಪ್ಪ, ತೌಡಪ್ಪ, ತೌಡಪ್ಪ.' ನಾನು ಪೇಪರು ಬಿಸಾಕಿ ಓಡಿದೆ. 'ಏನಮ್ಮಾ, ಏನಾಯ್ತು?' ಎಂದೆ. ಅವಳು ಮಗುವಿನ ಎದೆ ಸವರುತ್ತ ಕುಳಿತಿದ್ದಳು. ಮುಖ ಕೆಂಪಾಯಿತು.

'ನಿಮ್ಮನ್ನಲ್ಲ ಮಾವ' ಎಂದಳು. 'ಸುಮ್ನೆ... ಇರ್ಲಿ ಅಂತ.'

'ಗೊತ್ತಮ್ಮಾ' ಎಂದೆ. ಆದರೂ ಅಲ್ಲಿಂದ ಕದಲಲಿಲ್ಲ. ಮೊಮ್ಮಗನಿಗೆ ನೆಗಡಿಯಾಗಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದೆ, ಇನ್ನೊಂದು ಸೀನು ಬರಬಹುದೇನೋ ಎಂದು.